ಬೋರ್ಡಿನಲ್ಲಿ ಬಿಸ್ಕತ್ತೇ ಇರಲಿ, ಸೀನ

ಪ್ರೀತಿಯ ಸೀನ,

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ಹಿಂದೆ ಮಿಕ್ಸರ್ ಸದ್ದು, ಅರ್ಧ ಮಾತು ಅದರೊಳಗೇ ಹೋಯಿತು. ಅರ್ಥವಾದದ್ದು ಇಷ್ಟು: ಬೇಕರಿಗೆ ಹೊಸ ಬೋರ್ಡ್ ಬರೆಸುತ್ತಿದ್ದೀಯ. ಬಿಸ್ಕತ್ತು ಅನ್ನುವುದನ್ನು ತೆಗೆದು ಕುಕೀಸ್ ಅಂತ ಹಾಕಿಸೋಣ ಅಂತ ಮಗ ಹಟ ಹಿಡಿದಿದ್ದಾನೆ. ಕುಕೀಸ್ ಅಂದರೆ ಕೆಜಿಗೆ ನೂರು ರೂಪಾಯಿ ಜಾಸ್ತಿ ಕೇಳಬಹುದು ಅನ್ನುವುದು ಅವನ ಲೆಕ್ಕ. ಇಂಗ್ಲೆಂಡು, ಅಮೆರಿಕ ಎರಡೂ ದೇಶದ ನೀರು ಕುಡಿದವನು ನೀನು, ಎರಡೂ ಒಂದೇನಾ ಹೇಳು ಅಂದಿದ್ದೀಯ. ಒಂದೇ ಅಲ್ಲ ಕಣೋ. ಇಷ್ಟಕ್ಕೇ ಮುಗಿಸುವ ಆಸಾಮಿ ನಾನಲ್ಲ ಅಂತಲೂ ನಿನಗೆ ಗೊತ್ತು.

ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದ ನಾಲ್ಕು ವರ್ಷ ಈ ಗೊಂದಲವೇ ಇರಲಿಲ್ಲ. ಅಲ್ಲಿ ಬಿಸ್ಕತ್ತು ಅಂದರೆ ನಮ್ಮ ಬಿಸ್ಕತ್ತೇ. ತೆಳು, ಗಟ್ಟಿ, ಟೀಗೆ ಅದ್ದುವಂಥದ್ದು. ಆಫೀಸಿನಲ್ಲಿ ಹನ್ನೊಂದಕ್ಕೆ ಡಬ್ಬಿ ಬಿಚ್ಚಿದರೆ ಡೈಜೆಸ್ಟಿವ್, ರಿಚ್ ಟೀ, ಬೂರ್ಬನ್. ನಮ್ಮ ಮಾರಿ ಬಿಸ್ಕತ್ತಿನ ತವರೂ ಅದೇ ದೇಶ. 1874ರಲ್ಲಿ ರಷ್ಯಾದ ರಾಜಕುಮಾರಿ ಮಾರಿಯಾ ಬ್ರಿಟನ್ನಿನ ರಾಜಕುಮಾರನನ್ನು ಮದುವೆಯಾದಳು. ಆ ನೆನಪಿಗೆ ಲಂಡನ್ನಿನ ಪೀಕ್ ಫ್ರೀನ್ಸ್ ಕಂಪನಿ ಮಾಡಿದ್ದು ಅದು. ಜ್ವರ ಬಂದಾಗ ನಮ್ಮಮ್ಮ ಹಾಲಿಗೆ ಅದ್ದಿ ಬಾಯಿಗಿಡುತ್ತಿದ್ದದ್ದು ಯಾರದೋ ಮದುವೆ ಬಿಸ್ಕತ್ತು, ನೋಡು! ಕುಕಿ ಅನ್ನುವ ಪದವೂ ಅಲ್ಲಿ ಇದೆ. ಆದರೆ ಅದು ಒಂದು ಜಾತಿಗೆ ಮಾತ್ರ. ಅಂಗೈಯಗಲ, ದಪ್ಪ, ನಡುವೆ ಮೆತ್ತಗೆ, ಚಾಕಲೇಟ್ ಚೂರು ಹಾಕಿದ ಅಮೆರಿಕದ ಥರದ್ದು. ಸ್ಕಾಟ್ಲೆಂಡಿನ ಹಳಬರನ್ನು ಕೇಳಿದರೆ ಕುಕಿ ಅಂದರೆ ಸಾದಾ ಬನ್ ಅನ್ನುತ್ತಾರೆ.

ಫಜೀತಿ ಶುರುವಾದದ್ದು ಇಲ್ಲಿ, ಅಮೆರಿಕದ ನಾರ್ತ್ ಕ್ಯಾರೊಲೈನಾದ ರಾಲಿಗೆ ಬಂದ ಮೊದಲ ವಾರ. ಜೊತೆಯವನೊಬ್ಬ ಬೆಳಗ್ಗೆ ಏಳಕ್ಕೆ ‘ಬಾ, ಬಿಸ್ಕತ್ತು ತಿನ್ನೋಣ’ ಅಂದ. ಏನಪ್ಪಾ, ಬೆಳಬೆಳಗ್ಗೆ ಬಿಸ್ಕತ್ತಿಗೆ ಕಾರು ತೆಗೆಯುತ್ತಾನಲ್ಲ ಅಂದುಕೊಂಡೇ ಹೋದೆ. ಅದ್ದಿಕೊಳ್ಳಲು ಟೀ ಬೇರೆ ಹೇಳಿದೆ. ಬಂದ ಟೀಯಲ್ಲಿ ಐಸ್ ತೇಲುತ್ತಿತ್ತು. ತಟ್ಟೆಯಲ್ಲಿ ಮುಷ್ಟಿಗಾತ್ರದ, ಬಿಸಿಬಿಸಿ, ಉಬ್ಬಿದ ಎರಡು ಉಂಡೆ. ಮೇಲೆ ಗಂಜಿಯಂಥ ಬಿಳಿ ಗೊಜ್ಜು, ತುಂಬಾ ಕಾಳುಮೆಣಸು, ನಡುನಡುವೆ ಹಂದಿಮಾಂಸದ ಚೂರು. ನಾನು ಪುಳಿಚಾರು! ಪಾಪ, ಅವನೇ ಎದ್ದು ಹೋಗಿ ಬರೀ ಬಿಸ್ಕತ್ತು ತಂದುಕೊಟ್ಟ. ಬೆಣ್ಣೆ, ಜೇನು ಸವರಿಕೊಂಡು ತಿಂದೆ. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು.

ನಿನಗೆ ಬೇಕಾದ ವಿವರ: ಮೈದಾ, ತಣ್ಣಗಿನ ಬೆಣ್ಣೆ, ಮಜ್ಜಿಗೆ, ಬೇಕಿಂಗ್ ಪೌಡರ್. ಜಾಸ್ತಿ ನಾದುವ ಹಾಗಿಲ್ಲ. ಈ ಕಡೆಯವರು ಇದಕ್ಕೆ ಬಳಸುವ ಮೈದಾ ಮೆದು ಗೋಧಿಯದು. ಅದರಲ್ಲಿ ಜಿಗುಟು ಕಡಿಮೆ, ಅದಕ್ಕೇ ಬಿಸ್ಕತ್ತು ಹತ್ತಿಯ ಹಾಗೆ ಬಿಡಿಸಿಕೊಳ್ಳುತ್ತದೆ. ಬ್ರಿಟನ್ನಿನವರು ಇದನ್ನು ನೋಡಿದರೆ ಸ್ಕೋನ್ ಅನ್ನುತ್ತಾರೆ, ಆದರೆ ಅವರ ಸ್ಕೋನ್ ಸ್ವಲ್ಪ ಸಿಹಿ, ಜ್ಯಾಮಿನ ಜೊತೆ. ಬೇಕಿಂಗ್ ಪೌಡರ್ ಇಲ್ಲದ ಕಾಲದಲ್ಲಿ ಇಲ್ಲಿಯ ದೊಡ್ಡ ಮನೆಗಳಲ್ಲಿ ಹಿಟ್ಟನ್ನು ಕೊಡತಿಯಲ್ಲಿ ಅರ್ಧ ಗಂಟೆ ಬಡಿದು ಹಗುರ ಮಾಡುತ್ತಿದ್ದರು. ಬಡಿಯುತ್ತಿದ್ದವರು ಹೆಚ್ಚಾಗಿ ಆ ಮನೆಯ ಗುಲಾಮರು. ಅದು ತಿಳಿದ ಮೇಲೆ ತಟ್ಟೆ ಮುಂದೆ ಬಂದಾಗಲೆಲ್ಲ ಒಂದು ಕ್ಷಣ ಕೈ ತಡೆಯುತ್ತದೆ.

ಹಾಗಾದರೆ ನಮ್ಮ ಬಿಸ್ಕತ್ತಿಗೆ ಇಲ್ಲಿ ಹೆಸರೇನು? ಸಿಹಿಯಾದರೆ ಕುಕಿ, ಉಪ್ಪಾದರೆ ಕ್ರ್ಯಾಕರ್. ಕುಕಿ ಡಚ್ಚರ ಪದ, ಪುಟ್ಟ ಕೇಕು ಅಂತ ಅರ್ಥ. 1664ರಲ್ಲಿ ಇಂಗ್ಲಿಷರ ಕೈಗೆ ಹೋಗುವವರೆಗೆ ನ್ಯೂಯಾರ್ಕ್ ಡಚ್ಚರದ್ದಲ್ವಾ, ಊರು ಹೋದರೂ ಪದ ಉಳಿಯಿತು. ತಮಾಷೆ ಏನೆಂದರೆ, ಇಲ್ಲಿ ಓರಿಯೋ ಮಾಡಿದ ನಬಿಸ್ಕೋ ಕಂಪನಿಯ ಮೊದಲಿನ ಪೂರ್ತಿ ಹೆಸರು ನ್ಯಾಷನಲ್ ಬಿಸ್ಕಿಟ್ ಕಂಪನಿ. 1912ರಲ್ಲಿ ಓರಿಯೋ ಬಂದಾಗ ಪೊಟ್ಟಣದ ಮೇಲಿದ್ದದ್ದು ‘ಓರಿಯೋ ಬಿಸ್ಕಿಟ್’! ನಿನ್ನ ಮಗನಿಗೆ ಇದನ್ನು ಹೇಳು.

ಬೂರ್ಬನ್ ಕಥೆ ಕೇಳಿದರೆ ನೀನು ನಗುತ್ತೀಯ. ಹೆಸರು ಫ್ರಾನ್ಸಿನ ರಾಜಮನೆತನದ್ದು, ಮಾಡಿದವರು ಮಾರಿ ಮಾಡಿದ ಅದೇ ಕಂಪನಿಯವರು. ಆದರೆ ಅಮೆರಿಕದಲ್ಲಿ ಆ ಹೆಸರಿನದು ವಿಸ್ಕಿ. ನಮ್ಮ ಪುಟ್ಟಿ ಒಂದನೇ ಕ್ಲಾಸಿನಲ್ಲಿದ್ದಾಗ ‘ರಾತ್ರಿ ಮಲಗುವ ಮುಂಚೆ ಹಾಲಿನ ಜೊತೆ ಎರಡು ಬೂರ್ಬನ್ ತಗೊಂಡೆ’ ಅಂತ ಟೀಚರ್ ಹತ್ತಿರ ಹೇಳಿದ್ದಾಳೆ. ಫೋನ್ ಬಂತು. ಇಂಡಿಯನ್ ಅಂಗಡಿಯಿಂದ ತಂದ ಪ್ಯಾಕೆಟ್ಟನ್ನು ಮರುದಿನ ತೋರಿಸಿ ಬಂದೆ.

ಚಿಪ್ಸ್ ವಿಷಯದಲ್ಲಿ ಮಾತ್ರ ನಾವು ಅಮೆರಿಕದ ಪಕ್ಷ. ನೀನು ಬಾಣಲೆಯಲ್ಲಿ ಕರಿಯುವ ತೆಳು ಆಲೂಗಡ್ಡೆ ಚಿಪ್ಸ್ ಇಲ್ಲಿಯೂ ಚಿಪ್ಸೇ. ಲೆಸ್ಟರ್‌ನಲ್ಲಿ ಅದು ಕ್ರಿಸ್ಪ್ಸ್. ಅಲ್ಲಿ ಚಿಪ್ಸ್ ಕೇಳಿದರೆ ಬಿಸಿ ಬಿಸಿ ಫಿಂಗರ್ ಚಿಪ್ಸ್ ಕೊಡುತ್ತಾರೆ. ನಮ್ಮವರು ಮುಂದೆ ಒಂದು ‘ಫಿಂಗರ್’ ಸೇರಿಸಿ ಜಗಳವನ್ನೇ ಬಗೆಹರಿಸಿದರು, ಜಾಣರು. ಪ್ರಿಂಗಲ್ಸ್ ಡಬ್ಬಿ ನೋಡಿದ್ದೀಯಲ್ಲ? ಅದು ಒಣ ಆಲೂ ಪುಡಿಯಿಂದ ಮಾಡಿದ್ದು, ಸುಮ್ನೆ ಚಿಪ್ಸ್ ಅನ್ನುವ ಹಾಗಿಲ್ಲ ಅಂತ ಅಮೆರಿಕ ಸರ್ಕಾರ ಹೇಳಿತು. ಕಂಪನಿ ಡಬ್ಬಿಯ ಮೇಲೆ ಕ್ರಿಸ್ಪ್ಸ್ ಅಂತ ಬರೆಯಿತು. ಬ್ರಿಟನ್ನಿಗೆ ಹೋಗಿ, ಅಲ್ಲಿ ಕ್ರಿಸ್ಪ್ಸ್‌ಗೆ ತೆರಿಗೆ ಇದೆ ಅಂತ ‘ಇದು ಕ್ರಿಸ್ಪ್ಸೇ ಅಲ್ಲ, ಆಲೂಗಡ್ಡೆ ಅರ್ಧಕ್ಕಿಂತ ಕಡಿಮೆ’ ಅಂತ ಕೋರ್ಟಿನಲ್ಲಿ ವಾದಿಸಿತು. 2009ರಲ್ಲಿ ಸೋತಿತು.

ಕೋರ್ಟು ಅಂದಾಗ ನಿನ್ನ ಅಪ್ಪ ನೆನಪಾದರು. ಬ್ರಿಟನ್ನಿನಲ್ಲಿ ಕೇಕಿಗೆ ತೆರಿಗೆ ಇಲ್ಲ, ಬರೀ ಬಿಸ್ಕತ್ತಿಗೂ ಇಲ್ಲ. ಚಾಕಲೇಟ್ ಬಳಿದ ಬಿಸ್ಕತ್ತಿಗೆ ಮಾತ್ರ ಪೂರ್ತಿ ತೆರಿಗೆ, ಈಗ ಶೇಕಡಾ 20. ಶುಂಠಿ ಬಿಸ್ಕತ್ತಿನ ಗೊಂಬೆಗೆ ಎರಡು ಕಣ್ಣಿನಷ್ಟು ಚಾಕಲೇಟ್ ಚುಕ್ಕೆ ಇಟ್ಟರೆ ಮಾಫಿ, ಅದಕ್ಕಿಂತ ಜಾಸ್ತಿ ಇಟ್ಟರೆ ತೆರಿಗೆ! ಇನ್ನು ಜಾಫಾ ಕೇಕ್. ಮಾರುವುದು ಬಿಸ್ಕತ್ತಿನ ಕಪಾಟಿನಲ್ಲಿ, ಗಾತ್ರವೂ ಬಿಸ್ಕತ್ತಿನದು, ಮೇಲೆ ಚಾಕಲೇಟ್. 1991ರಲ್ಲಿ ಇದು ಕೇಕೋ ಬಿಸ್ಕತ್ತೋ ಅನ್ನುವ ವಾದ ತೆರಿಗೆ ನ್ಯಾಯಮಂಡಳಿಗೆ ಹೋಯಿತು. ಅಲ್ಲಿ ನೋಡಿದ ಗುರುತುಗಳಲ್ಲಿ ಒಂದು: ಹಳತಾದರೆ ಕೇಕು ಗಟ್ಟಿಯಾಗುತ್ತದೆ, ಬಿಸ್ಕತ್ತು ಮೆತ್ತಗಾಗುತ್ತದೆ. ಜಾಫಾ ಗಟ್ಟಿಯಾಯಿತು. ಕೇಕು ಅಂತ ತೀರ್ಪು ಬಂತು. ನಿಮ್ಮಪ್ಪ ಬೆಳಗ್ಗೆ ಗಾಜಿನ ಜಾಡಿಗೆ ಕೈ ಹಾಕಿ, ಒಂದು ಮುರಿದು ನೋಡಿ, ‘ಮೆತ್ತಗಾಗಿದೆ, ತೆಗೆಯೋ’ ಅನ್ನುತ್ತಿದ್ದರಲ್ಲ, ಅದೇ ಪರೀಕ್ಷೆ.

ಇನ್ನೊಂದು ಮಾತು. ಬಿಸ್ಕತ್ತು ಅನ್ನುವುದರ ಮೂಲ ಅರ್ಥ ಎರಡು ಸಲ ಬೇಯಿಸಿದ್ದು, ಲ್ಯಾಟಿನ್ನಿನದು. ಈಗ ಬ್ರಿಟನ್ನಿನವರೂ ಒಂದೇ ಸಲ ಬೇಯಿಸುತ್ತಾರೆ, ಅಮೆರಿಕದವರೂ ಅಷ್ಟೇ. ಬ್ರೆಡ್ ಸುಟ್ಟು, ಹೋಳು ಮಾಡಿ, ಮತ್ತೆ ಒಲೆಗೆ ಹಾಕುವವನು ನೀನು. ಅಂಗಡಿಯಲ್ಲಿ ನಿಜವಾದ ಬಿಸ್ಕತ್ತು ಅಂದರೆ ನಿನ್ನ ರಸ್ಕು.

ಈಗ ಬೋರ್ಡಿನ ವಿಷಯ. ಬೆಣ್ಣೆ ಬಿಸ್ಕತ್ತನ್ನು ಮಗ ಕುಕಿ ಅಂದರೆ ಅನ್ನಲಿ, ಅದು ಸಿಹಿ, ಒಪ್ಪುತ್ತದೆ. ಖಾರಾ ಬಿಸ್ಕತ್ತನ್ನು ಏನು ಮಾಡುತ್ತಾನೆ? ಹಸಿಮೆಣಸಿನಕಾಯಿ, ಕರಿಬೇವು ಹಾಕಿದ್ದನ್ನು ಕುಕಿ ಅಂದರೆ ಅಮೆರಿಕದವರೇ ಒಪ್ಪುವುದಿಲ್ಲ. ಕ್ರ್ಯಾಕರ್ ಅನ್ನೋಣ ಅಂದರೆ ಅದು ಹಪ್ಪಳದಂತೆ ತೆಳ್ಳಗಿರಬೇಕು, ನಿನ್ನದು ದಪ್ಪ, ಪುಡಿಪುಡಿ. ಕುಕೀಸ್ ಅಂತ ಬರೆಸಿದರೆ ಸಂಜೆ ನಾಲ್ಕಕ್ಕೆ ಮೊದಲು ಖಾಲಿಯಾಗುವ ಸರಕೇ ಬೋರ್ಡಿನ ಹೊರಗೆ ನಿಲ್ಲುತ್ತದೆ. ಕೆಜಿಗೆ ನೂರು ರೂಪಾಯಿ ಬೇಕಿದ್ದರೆ ಬೆಣ್ಣೆ ಸ್ವಲ್ಪ ಜಾಸ್ತಿ ಹಾಕಿ ಕೇಳಲಿ.

ಅಂದಹಾಗೆ, ಬರುವ ತಿಂಗಳು ಅತ್ತಿಗೆ ಇಲ್ಲಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಒಂದು ಕೆಜಿ ಖಾರಾ ಬಿಸ್ಕತ್ತು ಕಳಿಸು. ಈ ಸಲ ಸ್ಟೀಲ್ ಡಬ್ಬಿಗೆ ಹಾಕಿಕೊಡು ಕಣೋ. ಹೋದ ಸಲ ಪೂರ್ತಿ ಪುಡಿಯಾಗಿ ಬಂದಿತ್ತು, ಚಮಚ ಹಾಕಿಕೊಂಡು ತಿಂದೆವು.

ನಿನ್ನ,
ರಘು