ಕುದುರೆ ಸಾಗಿಸುವ ಗಾಡಿ ನಿಧಾನ ಹೋಗುವುದು ಸುಮ್ನೆ ಅಲ್ಲ

ಮಾನ್ಯ ಸಂಪಾದಕರೇ,

‘ಕುದುರೆಗೆ ನಾಲ್ಕು ಕಾಲಿಲ್ವೇನ್ರೀ? ಅದನ್ನೂ ಗಾಡಿಗೆ ಹೇರಿಕೊಂಡು ಆಮೆ ಥರ ಹೋಗ್ತೀರಲ್ಲ!’ ಕುಣಿಗಲ್–ತುಮಕೂರು ರಸ್ತೆಯಲ್ಲಿ ನನ್ನ ಪಿಕಪ್ ಹಿಂದೆ ಸಿಕ್ಕಿಕೊಂಡವರು ಹೇಳುವ ಮಾತಿದು. ಮೊನ್ನೆ ಒಬ್ಬರು ಕಾರು ಅಡ್ಡ ಹಾಕಿಯೇ ಕೇಳಿದರು. ನಿಂತು ಉತ್ತರ ಕೇಳುವ ಪುರುಸೊತ್ತು ಅವರಿಗಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಇರುವುದು ಎರಡೇ ಕುದುರೆ. ಮದುವೆ ಮೆರವಣಿಗೆಗೆ, ಊರ ಉತ್ಸವಕ್ಕೆ ಕರೆದುಕೊಂಡು ಹೋಗುತ್ತೇನೆ. ಮೂವತ್ತು ನಲವತ್ತು ಕಿಲೋಮೀಟರ್ ಡಾಂಬರಿನ ಮೇಲೆ ನಡೆಸಿದರೆ ಲಾಳ ಸವೆಯುತ್ತದೆ, ಕಾಲು ಊದುತ್ತದೆ. ಆಮೇಲೆ ಮೆರವಣಿಗೆಯಲ್ಲಿ ನಿಲ್ಲುವ ತ್ರಾಣ ಎಲ್ಲಿಂದ ಬರಬೇಕು? ಲಾರಿ ಹಾರ್ನಿಗೆ ಬೆದರಿ ಯಾರ ಮೇಲಾದರೂ ನುಗ್ಗಿದರಂತೂ ಮುಗೀತು.

ರೇಸ್ ಕುದುರೆಗಳ ಕತೆ ಬೇರೆ. ನಮ್ಮ ಕುಣಿಗಲ್ ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು. ಇಲ್ಲಿ ಹುಟ್ಟಿದ ಮರಿ ಓಡಬೇಕಾದ್ದು ಬೆಂಗಳೂರು, ಮೈಸೂರಿನಲ್ಲಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ರೇಸಿಗೆ ಓಡಿಸುವ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಒಪ್ಪಿಗೆ ಇಲ್ಲ. ಹಸುವಿಗಾದರೆ ಡಾಕ್ಟರು ಕೊಟ್ಟಿಗೆಗೇ ಬರುತ್ತಾರೆ. ಇಲ್ಲಿ ಹೆಣ್ಣು ಕುದುರೆಯೇ ಲಾರಿ ಹತ್ತಿ ಗಂಡಿರುವ ಕಡೆ ಹೋಗಬೇಕು. ಕೆಲವು ಸಲ ಹಾಲು ಕುಡಿಯುವ ಮರಿಯನ್ನೂ ಜೊತೆಗೆ ಕಟ್ಟಿಕೊಂಡು.

ಇನ್ನು ನಿಧಾನದ ವಿಚಾರ. ಕುದುರೆ ಸಾಗಿಸುವ ಗಾಡಿ ಗಂಟೆಗೆ 35 ಕಿ.ಮೀ. ಮೀರಬಾರದು ಎಂದು 1978ರ ಪ್ರಾಣಿ ಸಾಗಣೆ ನಿಯಮಗಳಲ್ಲೇ ಇದೆ. ಗಾಡಿಯ ನೆಲ ಜಾರಬಾರದು. ಕುದುರೆ ಕುದುರೆ ನಡುವೆ ಕನಿಷ್ಠ 8 ಸೆಂ.ಮೀ. ದಪ್ಪದ ಬಿದಿರಿನ ಗಳ ಇರಬೇಕು. ಎದುರಿನ ಗಾಡಿ ನೋಡಿ ಬೆದರದಿರಲಿ ಎಂದು ತಲೆ ಎಡಗಡೆಗೆ ಮಾಡಿ ನಿಲ್ಲಿಸಬೇಕು. ಇದನ್ನು ಬರೆದವರು ಕುದುರೆ ಬಲ್ಲವರೇ ಇರಬೇಕು. ಆದರೆ ಪಾಲಿಸದವರು ನಮ್ಮಲ್ಲೇ ಜಾಸ್ತಿ. ನಾನೂ ಮೊದಲು ಬರೀ ತಗಡಿನ ಮೇಲೆ ನಿಲ್ಲಿಸಿಕೊಂಡು ಹೋದವನೇ.

ಹೋದ ವರ್ಷ ಬುದ್ಧಿ ಬಂತು. ಹಿಂದಿನ ಬಸ್ಸು ಒಂದೇ ಸಮ ಹಾರ್ನ್ ಹೊಡೆಯುತ್ತಿತ್ತು. ನಮ್ಮ ಡ್ರೈವರ್ ತಲೆಕೆಟ್ಟು ಸ್ವಲ್ಪ ಜೋರು ಹೊಡೆದ. ಬಣ್ಣ ಬಳಿಯದ ಹಂಪ್ ಕಣ್ಣಿಗೆ ಬಿದ್ದಿದ್ದು ತೀರಾ ಹತ್ತಿರ ಬಂದಮೇಲೆ. ಬ್ರೇಕ್ ಹಾಕಿದ, ಹಿಂದೆ ದಡಾರ್ ಅಂತ ಸದ್ದು. ಇಳಿದು ನೋಡಿದರೆ ನಮ್ಮ ಹೆಣ್ಣು ಕುದುರೆ ಗೌರಿ ಮುಂಗಾಲು ಮಡಿಚಿ ಬಿದ್ದಿದ್ದಳು. ಎರಡೂ ಮಂಡಿ ಸುಲಿದು ರಕ್ತ. ಹಗ್ಗ ಕೊಯ್ದು ಎಬ್ಬಿಸಬೇಕಾಯಿತು. ಬಸ್ಸಿನಲ್ಲಿ ನಿಂತವರಿಗೆ ಹಿಡಿಯಲು ಕಂಬಿಯಾದರೂ ಇದೆ, ಅವಳು ಏನು ಹಿಡಿದುಕೊಳ್ಳಬೇಕು?

ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಈಗಲೂ ಗಾಡಿ ಕಂಡರೆ ಕಿವಿ ಹಿಂದಕ್ಕೆ ಮಾಡಿ ನಿಂತುಬಿಡುತ್ತಾಳೆ. ಹೊಲದ ಬದುವಿಗೆ ಗಾಡಿಯ ಹಿಂಬದಿ ತಾಗಿಸಿ, ಬೆಲ್ಲದ ಚೂರು ತೋರಿಸಿ ಹತ್ತಿಸುವಷ್ಟರಲ್ಲಿ ಅರ್ಧ ಗಂಟೆ. ಚಾಟಿ ತೋರಿಸಿ ಅನ್ನುವವರಿದ್ದಾರೆ. ಹಾಗೆ ಮಾಡಿದರೆ ಆವತ್ತೊಂದು ದಿನ ಹತ್ತುತ್ತಾಳೆ, ಮುಂದಿನ ಸಲ ಬದುವಿನ ಹತ್ತಿರಕ್ಕೂ ಬರುವುದಿಲ್ಲ. ಈಗ ಗಾಡಿಗೆ ರಬ್ಬರ್ ಮ್ಯಾಟ್ ಹಾಕಿಸಿದ್ದೇನೆ. ಹಗ್ಗವನ್ನೂ ಬಿಗಿಯಾಗಿ ಕಟ್ಟುವುದಿಲ್ಲ. ದೂರದ ದಾರಿಯಲ್ಲಿ ಮುಖ ಎತ್ತಿ ಬಿಗಿದುಬಿಟ್ಟರೆ ದೂಳು, ಸಿಂಬಳ ಹೊರಗೆ ಬಾರದೆ ಶ್ವಾಸಕೋಶಕ್ಕಿಳಿದು ಸೋಂಕಾಗುತ್ತದೆ. ಮೂರ್ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ, ನೀರು ಕೊಟ್ಟು, ತಲೆ ಬಗ್ಗಿಸಲು ಬಿಡಬೇಕು.

ಸಂಬಂಧಪಟ್ಟವರಲ್ಲಿ ಕೇಳುವುದು ಎರಡೇ. ಈ ರಸ್ತೆಯ ಹಂಪ್‌ಗಳಿಗೆ ಬಿಳಿ ಬಣ್ಣ ಬಳಿಸಿ. ತಾಲ್ಲೂಕಿನ ಪಶು ಆಸ್ಪತ್ರೆಗಳ ಬಳಿ ಗಾಡಿ ಹತ್ತಿಸಿ ಇಳಿಸಲು ಒಂದು ಇಳಿಜಾರು ಕಟ್ಟೆ ಕಟ್ಟಿಸಿ, ಹಸು ಎಮ್ಮೆಗೂ ಆಗುತ್ತದೆ. ನನ್ನ ಹಿಂದೆ ಬರುವವರು ಹಾರ್ನ್ ಹೊಡೆಯಬೇಡಿ ಅಷ್ಟೇ. ಜಾಗ ಸಿಕ್ಕ ಕಡೆ ನಾನೇ ಪಕ್ಕಕ್ಕೆ ಬಿಟ್ಟುಕೊಡುತ್ತೇನೆ.

ನಾಳಿದ್ದು ಗುಬ್ಬಿ ಕಡೆ ಮದುವೆ ಇದೆ. ಬೆಳಗಿನ ಜಾವ 4ಕ್ಕೇ ಹೊರಡುತ್ತೇನೆ. ಆಗ ಬಿಸಿಲೂ ಇರುವುದಿಲ್ಲ, ಬಸ್ಸೂ ಕಡಿಮೆ.

– ಕುದುರೆ ಸಾಕುವವನೊಬ್ಬ, ಕುಣಿಗಲ್