ಮಗಳಿಗೊಂದು ಪತ್ರ: ಪ್ಯಾಕ್‌ಮನ್‌ನಂಥವನನ್ನು ತಂಡಕ್ಕೆ ಕರೆತರಬಹುದಾ?

ಪ್ರೀತಿಯ ಪುಟ್ಟಿ,

ನಿನ್ನ ಕಾಲೇಜು ಪತ್ರಿಕೆಯ ಲೇಖನಕ್ಕೆ ನನ್ನ ಅಭಿಪ್ರಾಯ ಕೇಳಿದ್ದೀಯ. ಅಮೆರಿಕನ್ ಫುಟ್‌ಬಾಲಿನಲ್ಲಿ ಹೆಸರು ಕೆಡಿಸಿಕೊಂಡ, ವಯಸ್ಸೂ ಆದ ಕಾರ್ನರ್‌ಬ್ಯಾಕ್‌ನಿಂದ (ಚೆಂಡು ಹಿಡಿಯಲು ಓಡುವ ರಿಸೀವರ್‌ನನ್ನು ತಡೆಯುವವನು) ಹೊಸ ತಂಡಕ್ಕೆ ಏನಾದರೂ ಉಪಯೋಗ ಇದೆಯಾ ಅಂತ. ಇದು ಫೋನಿನಲ್ಲಿ ಮುಗಿಯುವ ಮಾತಲ್ಲ ಕಣೇ. ಸಿನ್ಸಿನಾಟಿಯಲ್ಲಿದ್ದುಕೊಂಡು ಇಲ್ಲಿನ ತಂಡ ಬೆಂಗಲ್ಸ್‌ನ ಆಟ ನೋಡಿದವರಿಗೆ ಈ ಪ್ರಶ್ನೆ ಕೇಳಿದ ಕೂಡಲೇ ಬಾಯಿಗೆ ಬರುವುದು ಒಂದೇ ಹೆಸರು. ಆಡಮ್ ಜೋನ್ಸ್. ಪ್ಯಾಕ್‌ಮನ್ ಅಂದರೆ ಬೇಗ ಗೊತ್ತಾಗುತ್ತದೆ.

ಉಪಯೋಗ ಇದೆ ಅನ್ನುವವಳು ನಾನು. ಆದರೆ "ಅವನು ಸುಧಾರಿಸಿದ್ದಾನಾ?" ಅಂತ ಕೇಳಿಕೊಂಡು ಕೂತ ತಂಡಕ್ಕಲ್ಲ. ಅವನು ಇನ್ನೊಂದು ಸಲ ಎಡವಿದರೆ ನಮಗೆಷ್ಟು ನಷ್ಟ ಅಂತ ಮೊದಲೇ ಲೆಕ್ಕ ಹಾಕಿ, ಅದಕ್ಕೆ ತಕ್ಕಷ್ಟೇ ಕೊಟ್ಟು ಕರೆತಂದ ತಂಡಕ್ಕೆ.

ಶುರುವಿನಲ್ಲಿ ಅವನು ಎಷ್ಟು ಚೆನ್ನಾಗಿದ್ದ ಅಂತ ನಿನಗೆ ಗೊತ್ತಿರಲಿಕ್ಕಿಲ್ಲ. 2005ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವಾಗ, ಟೆನೆಸ್ಸೀ ಟೈಟನ್ಸ್ ಅವನನ್ನು ಆರನೆಯವನಾಗಿ ಆರಿಸಿಕೊಂಡಿತು. ಎರಡನೇ ವರ್ಷ ಮೂರು ಪಂಟ್‌ಗಳನ್ನು, ಅಂದರೆ ಎದುರಾಳಿ ದೂರಕ್ಕೆ ಒದ್ದ ಚೆಂಡುಗಳನ್ನು, ಹಿಡಿದು ಅವರ ಕೊನೆಯ ಗೆರೆ ದಾಟಿ ನೇರ ಟಚ್‌ಡೌನ್‌ಗೆ ಓಡಿದ. ಆಮೇಲೆ 2007ರ ಫೆಬ್ರವರಿಯಲ್ಲಿ ಲಾಸ್ ವೇಗಸ್‌ನ ಕ್ಲಬ್ಬಿನಲ್ಲಿ ಜಗಳ, ಗುಂಡಿನ ದಾಳಿ. ಗುಂಡು ಹಾರಿಸಿದವನು ಪ್ಯಾಕ್‌ಮನ್ ಅಲ್ಲ. ಆದರೆ ಅಲ್ಲಿ ಕೆಲಸಕ್ಕಿದ್ದ ಕಾವಲುಗಾರನೊಬ್ಬ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ. 2012ರಲ್ಲಿ ಜ್ಯೂರಿ, ಗಾಯಗೊಂಡ ಕಾವಲುಗಾರರಿಗೆ ಪ್ಯಾಕ್‌ಮನ್ 1.1 ಕೋಟಿ ಡಾಲರ್‌ಗೂ ಜಾಸ್ತಿ ಪರಿಹಾರ ಕೊಡಬೇಕು ಅಂತ ಹೇಳಿತು.

2007ರ ಏಪ್ರಿಲ್ 10ರಂದು ಲೀಗ್ ಕಮಿಷನರ್ ರೋಜರ್ ಗುಡೆಲ್ ಅವನನ್ನು ಇಡೀ ಸೀಸನ್ನಿಗೆ ಹೊರಗಿಟ್ಟರು. ಅದೇ ದಿನ ಬೆಂಗಲ್ಸ್‌ನ ಕ್ರಿಸ್ ಹೆನ್ರಿಗೂ ಎಂಟು ಆಟಗಳ ಶಿಕ್ಷೆ. ಇಬ್ಬರೂ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಜೊತೆಗೆ ಆಡಿದವರು. ಹೆನ್ರಿ 2009ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಎಷ್ಟೋ ವರ್ಷ ಕಳೆದ ಮೇಲೆ ಅವನ ಗಂಡುಮಕ್ಕಳನ್ನು ತನ್ನ ಮನೆಗೆ ಕರೆದುಕೊಂಡು ಸಾಕಿದವನು ಇದೇ ಪ್ಯಾಕ್‌ಮನ್. ಒಬ್ಬ ಮನುಷ್ಯನ ಬಗ್ಗೆ ಒಂದೇ ಸಾಲಿನಲ್ಲಿ ತೀರ್ಪು ಬರೆಯೋಕೆ ಹೊರಟಾಗ ಇಂಥದ್ದು ಅಡ್ಡ ಬರುತ್ತೆ ನೋಡು.

ಈಗ ಎರಡು ತಂಡಗಳನ್ನು ಪಕ್ಕಪಕ್ಕ ಇಟ್ಟು ನೋಡು. 2008ರಲ್ಲಿ ಡಲ್ಲಾಸ್ ಕೌಬಾಯ್ಸ್ ಅವನನ್ನು ಟ್ರೇಡ್ ಮಾಡಿ ತಂದಿತು. ಹಿಂದಿನ ವರ್ಷ 13 ಆಟ ಗೆದ್ದ ತಂಡ. ಕ್ಯಾಮೆರಾಗಳೆಲ್ಲ ಅಲ್ಲೇ. ಅವನು ದಾರಿ ತಪ್ಪದಿರಲಿ ಅಂತ ಅಂಗರಕ್ಷಕರನ್ನೂ ಇಟ್ಟರು. ಅಕ್ಟೋಬರ್‌ನಲ್ಲಿ ಹೋಟೆಲೊಂದರಲ್ಲಿ ಆ ಅಂಗರಕ್ಷಕರಲ್ಲೇ ಒಬ್ಬನ ಜೊತೆ ಕೈಕೈ ಮಿಲಾಯಿಸಿದ. ಮತ್ತೆ ಸಸ್ಪೆಂಡ್, ಆರು ಆಟ ಹೋಯಿತು. ಆಡಿದ ಒಂಬತ್ತರಲ್ಲಿ ಒಂದೂ ಇಂಟರ್‌ಸೆಪ್ಷನ್ ಇಲ್ಲ, ಎದುರಾಳಿ ಎಸೆದ ಚೆಂಡನ್ನು ಒಂದು ಸಲವೂ ಕಸಿದುಕೊಳ್ಳಲಿಲ್ಲ. ಸೀಸನ್ ಮುಗಿದ ಮೇಲೆ ಮನೆಗೆ ಕಳಿಸಿದರು. 2009ರಲ್ಲಿ ಅವನನ್ನು ಯಾವ ತಂಡವೂ ತಗೊಳ್ಳಲಿಲ್ಲ.

2010ರಲ್ಲಿ ಬೆಂಗಲ್ಸ್ ಎರಡು ವರ್ಷಕ್ಕೆ ಸಹಿ ಹಾಕಿಸಿತು. ಆಗ ನಮ್ಮಲ್ಲಿ ಲಿಯಾನ್ ಹಾಲ್, ಜೊನಾಥನ್ ಜೋಸೆಫ್ ಇದ್ದರು, ಇಬ್ಬರೂ ಗಟ್ಟಿ ಕಾರ್ನರ್‌ಗಳು. ಪ್ಯಾಕ್‌ಮನ್ ಬಂದರೆ ಲಾಭ, ಬರದಿದ್ದರೆ ಏನೂ ಮುಳುಗುತ್ತಿರಲಿಲ್ಲ. ಮೊದಲ ವರ್ಷ ಐದೇ ಆಟ ಆಡಿ, ಕುತ್ತಿಗೆಗೆ ಪೆಟ್ಟಾಗಿ ಉಳಿದ ಸೀಸನ್ ಕೂತುಬಿಟ್ಟ. ಆದರೂ ತಂಡಕ್ಕೆ ಗಾಬರಿ ಇರಲಿಲ್ಲ. ಕಾಯುವಷ್ಟು ಬಿಡುವು ಇತ್ತು, ಅಲ್ವಾ? ಡಲ್ಲಾಸ್‌ನಲ್ಲಿ ಇಲ್ಲದ್ದು ಅದೇ.

ಹೆಡ್ ಕೋಚ್ ಮಾರ್ವಿನ್ ಲೂಯಿಸ್ ಶಾಂತ ಮನುಷ್ಯ. ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಮೈಕ್ ಝಿಮ್ಮರ್ ಬಾಯಿ ಮಾತ್ರ ಖಾರ, ಆದರೆ ಕಾರ್ನರ್‌ಗಳಿಗೆ ಕಲಿಸುವುದರಲ್ಲಿ ಎತ್ತಿದ ಕೈ. ಕಾರ್ನರ್‌ನ ಕೆಲಸ ಎಂಥದ್ದು ಅಂತ ನಿನಗೆ ಗೊತ್ತೇ ಇದೆ. ರಿಸೀವರ್‌ಗೆ ತಾನು ಎಲ್ಲಿಗೆ ಓಡಬೇಕು ಅಂತ ಮೊದಲೇ ಗೊತ್ತು, ಮುಂದಕ್ಕೆ ಓಡುತ್ತಾನೆ. ಇವನು ಏನೂ ಗೊತ್ತಿಲ್ಲದೆ ಹಿಮ್ಮುಖವಾಗಿ ಓಡಬೇಕು. ಅವನು ತಿರುಗಿದ ಕ್ಷಣ ಸೊಂಟ ತಿರುಗಿಸಿ ಬೆನ್ನು ಹತ್ತಬೇಕು. ವಯಸ್ಸಾದಾಗ ಮೊದಲು ಹೋಗುವುದು ಆ ಅರ್ಧ ಹೆಜ್ಜೆ. ಅದಕ್ಕೇ ಹಳಬರು ಆರೇಳು ಯಾರ್ಡ್ ದೂರ ನಿಂತು, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಕಾಲು ನೋಡುತ್ತಾರೆ. ಮೂರೇ ಹೆಜ್ಜೆ ಹಿಂದೆ ಹೋದನಾ, ಚೆಂಡು ಬೇಗ ಬರುತ್ತೆ, ಮುಂದೆ ನುಗ್ಗು. ನಮ್ಮ ಕಬಡ್ಡಿಯ ಕಾರ್ನರ್‌ಗಳು ರೈಡರ್‌ನ ಕಾಲು ನೋಡಿಕೊಂಡು ಪಾದಕ್ಕೆ ಕೈ ಹಾಕುವ ಹಾಗೆ.

ಇನ್ನೊಂದು ಮಾತು ಜನ ಮರೆಯುತ್ತಾರೆ. ಡಿಫೆನ್ಸ್‌ನ ಮುಂದಿನ ಸಾಲು ಚೆನ್ನಾಗಿದ್ದರೆ ಹಳೆಯ ಕಾರ್ನರ್ ಬದುಕುತ್ತಾನೆ. ಜೀನೋ ಅಟ್ಕಿನ್ಸ್, ಕಾರ್ಲೋಸ್ ಡನ್‌ಲ್ಯಾಪ್ ಇಬ್ಬರೂ ಬಂದದ್ದು ಅದೇ 2010ರ ಡ್ರಾಫ್ಟ್‌ನಲ್ಲಿ. ಅವರು ಕ್ವಾರ್ಟರ್‌ಬ್ಯಾಕ್‌ನ ಮೇಲೆ ಬೇಗ ಬಿದ್ದರೆ ಹಿಂದಿನವನು ಜಾಸ್ತಿ ಹೊತ್ತು ಓಡುವುದು ತಪ್ಪುತ್ತದೆ. 2011ರಿಂದ 2015ರವರೆಗೆ ಐದೂ ವರ್ಷ ಬೆಂಗಲ್ಸ್ ಪ್ಲೇಆಫ್‌ಗೆ ಹೋಯಿತು. 2014ರಲ್ಲಿ ಪ್ಯಾಕ್‌ಮನ್ ಕಿಕ್ ರಿಟರ್ನ್‌ಗೆ (ಎದುರಾಳಿ ಒದ್ದ ಚೆಂಡು ಹಿಡಿದು ಓಡುವುದಕ್ಕೆ) ಆಲ್-ಪ್ರೋ, ಅಂದರೆ ವರ್ಷದ ಅತ್ಯುತ್ತಮರ ಪಟ್ಟಿ; ಸರಾಸರಿ 31.3 ಯಾರ್ಡ್. 2015ರಲ್ಲಿ, 32ರ ವಯಸ್ಸಿನಲ್ಲಿ, ಲೀಗ್‌ನ ತಾರೆಯರ ಪಂದ್ಯವಾದ ಪ್ರೋ ಬೌಲ್‌ಗೆ ಆಯ್ಕೆ. ಎಸೆದುಬಿಟ್ಟಿದ್ದ ಆಟಗಾರನಿಂದ ಇಷ್ಟು ಸಿಕ್ಕಿತಲ್ಲ, ಇನ್ನೇನು ಬೇಕು?

ಆದರೆ 2016ರ ಜನವರಿ 9 ಇದೆಯಲ್ಲ.

ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧ ನಾವು 16-15 ಮುಂದಿದ್ದೆವು. 1991ರ ಜನವರಿಯ ನಂತರ ಬೆಂಗಲ್ಸ್ ಒಂದೂ ಪ್ಲೇಆಫ್ ಗೆದ್ದಿರಲಿಲ್ಲ. ಕೊನೆ ಗಳಿಗೆಯಲ್ಲಿ ನಮ್ಮ ಜೆರೆಮಿ ಹಿಲ್ ಚೆಂಡು ಕೈಬಿಟ್ಟ, ಅದು ಅವರ ಪಾಲಾಯಿತು. ಆಮೇಲೆ ನಮ್ಮ ವಾಂಟೇಝ್ ಬರ್ಫಿಕ್ಟ್ ಎದುರಾಳಿಯ ತಲೆಗೆ ಡಿಕ್ಕಿ ಹೊಡೆದ, 15 ಯಾರ್ಡ್ ದಂಡ, ಅಂದರೆ ಅವರು ಅಷ್ಟು ಮುಂದಕ್ಕೆ ಬಂದರು. ಅಷ್ಟರಲ್ಲಿ ಸ್ಟೀಲರ್ಸ್‌ನ ಸಹಾಯಕ ಕೋಚ್ ಜೋಯಿ ಪೋರ್ಟರ್ ಮೈದಾನದೊಳಗೇ ನಿಂತಿದ್ದರು. ಪ್ಯಾಕ್‌ಮನ್‌ಗೆ ತಲೆ ಕೆಟ್ಟಿತು. ಅವನಿಂದ ಇನ್ನೊಂದು 15 ಯಾರ್ಡ್ ದಂಡ. ಕೊನೆಗೆ ಅವರ ಕ್ರಿಸ್ ಬಾಸ್ವೆಲ್ ಒದ್ದದ್ದು 35 ಯಾರ್ಡ್‌ನ ಫೀಲ್ಡ್ ಗೋಲ್, ಚೆಂಡನ್ನು ಕಂಬಗಳ ನಡುವೆ ಒದ್ದರೆ ಸಿಗುವ ಮೂರು ಅಂಕ. ಪ್ಯಾಕ್‌ಮನ್ ಸುಮ್ನೆ ಇದ್ದಿದ್ದರೆ ಅದು 50 ಯಾರ್ಡ್‌ನದ್ದು. ಸೋತಿದ್ದು 18-16. ಪೋರ್ಟರ್ ಒಳಗೆ ಬಂದದ್ದು ತಪ್ಪೇ, ಒಪ್ಪುತ್ತೇನೆ. ಆದರೆ ಆ ಸೀಸನ್ನಿನಲ್ಲಿ ಪ್ಯಾಕ್‌ಮನ್ ತಂದುಕೊಟ್ಟ ಯಾರ್ಡ್‌ಗಳ ಪಕ್ಕ ಈ 15ನ್ನೂ ಬರೆಯಲೇಬೇಕು.

2017ರ ಜನವರಿಯಲ್ಲಿ ಸಿನ್ಸಿನಾಟಿಯಲ್ಲೇ ಮತ್ತೆ ಬಂಧನವಾಯಿತು. ಪೊಲೀಸ್ ಗಾಡಿಯಲ್ಲಿ ಅವನಾಡಿದ ಮಾತಿನ ವಿಡಿಯೋ ಹೊರಬಿದ್ದಾಗ ತಂಡವೇ ಕ್ಷಮೆ ಕೇಳಿತು. ಮುಂದಿನ ವರ್ಷ ಬೆಂಗಲ್ಸ್ ಅವನನ್ನು ಕೈಬಿಟ್ಟಿತು. ಡೆನ್ವರ್ ತಂಡ 2018ರಲ್ಲಿ ಕರೆಸಿ, ಏಳು ಆಟದ ನಂತರ ಕಳಿಸಿತು. 35ಕ್ಕೆ ಆ ಅರ್ಧ ಹೆಜ್ಜೆಯನ್ನು ಯಾವ ಕೋಚೂ ವಾಪಸ್ ತರಲಾರ.

ನಿನ್ನ ಗೆಳತಿ ಹೇಳಿದಳಂತಲ್ಲ, ಇಂಥವರಿಗೆ ಎರಡನೇ ಅವಕಾಶ ಕೊಡುವುದೇ ತಂಡದ ದೊಡ್ಡತನ ಅಂತ. ಅದನ್ನು ನಾನು ಒಪ್ಪಲ್ಲ. ಬೆಂಗಲ್ಸ್ ಅವನನ್ನು ತಂದದ್ದು ಅಗ್ಗಕ್ಕೆ ಸಿಕ್ಕಿದ ಅಂತ, ಎಂಟು ಸೀಸನ್ ಇಟ್ಟುಕೊಂಡದ್ದು ಆಡುತ್ತಿದ್ದ ಅಂತ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಕ್ಷಮೆ ಅಂತ ಕರೆಯಬೇಡ. ವೇಗಸ್‌ನ ಆ ಕಾವಲುಗಾರನ ಪರವಾಗಿ ಕ್ಷಮಿಸೋಕೆ ಬೆಂಗಲ್ಸ್ ಯಾರು? ನಿನ್ನ ಲೇಖನದಲ್ಲಿ ಆ ಕಾವಲುಗಾರನ ವಿಷಯ ಮೊದಲ ಪ್ಯಾರಾದಲ್ಲೇ ಇರಲಿ, ಆಟದ ಅಂಕಿಅಂಶ ಆಮೇಲೆ.

ಬರೆದು ಮುಗಿಸಿದ ಮೇಲೆ ನನಗೆ ಕಳಿಸು. ಆ ಪ್ಲೇಆಫ್ ಬಗ್ಗೆ ಇನ್ನೇನಾದರೂ ಬೇಕಿದ್ದರೆ ನನ್ನನ್ನೇ ಕೇಳು, ನಿಮ್ಮಪ್ಪನ ಹತ್ತಿರ ಮಾತ್ರ ಎತ್ತಬೇಡ. ಅವರು ಇನ್ನೂ ಹಿಲ್‌ನನ್ನೇ ಬೈಯುತ್ತಿದ್ದಾರೆ.

ನಿನ್ನ,
ಅಮ್ಮ