ಲಯ ಓಡಿಸಬ್ಯಾಡ, ಪಪ್ಪಾ

ದೋಸ್ತ,

ಚರ್ಚಿನ ಸುಗ್ಗಿ ಹಬ್ಬದ ಫೋಟೋ ಕಳಿಸು ಅಂತ ನೀನು ಕೇಳಿದ್ದೆ. ಫೋಟೋದಲ್ಲಿ ನಾನು ದಪ್ಪಗೆ ಕಾಣುತ್ತೇನೆ, ಅದಕ್ಕೇ ಪತ್ರ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಉತ್ತರ ಸ್ವಲ್ಪ ಮರ್ಯಾದೆಯಿಂದ ಬರಿ.

ಕಾಣಿಕೆಗಳ ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಈ ಸಲವೂ ಕುಂಬಳಕಾಯಿ ಇತ್ತು. ನೀನಿಲ್ಲದ್ದರಿಂದ ಯಾರೂ ಅದರ ಮೇಲೆ ಕೂರಲಿಲ್ಲ. ಜೋಳದ ತೆನೆ, ಶೇಂಗಾ ಹೋಳಿಗೆ, ಒಂದು ಕುಪ್ಪಸದ ಖಣ, ಕಾಲು ಕಟ್ಟಿದ ಒಂದು ಹುಂಜ. ಖಣಕ್ಕಿಂತ ಹೋಳಿಗೆಗೇ ಜಾಸ್ತಿ ರೇಟು ಬಂತು. ಖಣ ಕೊಟ್ಟವನು ನಾನೇ. ನಗು, ನಗು. ನಮ್ಮ ಹಿರಿಯರು ಎಂದಿನಂತೆ 1851ಕ್ಕೆ ಹೋದರು. ಬಾಸೆಲ್ ಮಿಶನ್ ಗುಳೇದಗುಡ್ಡಕ್ಕೆ ಬಂದಲ್ಲಿಂದ ಶುರು ಮಾಡಿ ಕಿಟೆಲ್ ಸಾಹೇಬರ 1894ರ ಕನ್ನಡ ನಿಘಂಟಿಗೆ ಮುಟ್ಟುವಷ್ಟರಲ್ಲಿ ಹುಂಜ ಎರಡು ಸಲ ಕೂಗಿತು. ಹಿಂದಿನ ಸಾಲಿನವರಿಗೆ, ಹುಂಜ ಕೂಗುವ ಮೊದಲು ಯೇಸುವನ್ನು ಅರಿಯೆ ಅಂದ ಪೇತ್ರನ ನೆನಪಾಗಿ ಕಿಸಿಕ್ ಅಂದರು. ನಮ್ಮ ಪಾದ್ರಿ ಅಯ್ನೋರು ಮೆಲ್ಲಗೆ ಮೈಕು ಇಸಿದುಕೊಂಡರು.

ಆಮೇಲೆ ನಮ್ಮ ಹಾಡು. ನನ್ನದು ಪೇಟಿ, ಅಂದರೆ ಹಾರ್ಮೋನಿಯಂ; ಹಾಡುವುದು ಮಗಳು. ಭೀಮಪಲಾಸ ರಾಗದ ಧಾಟಿ, ಶ್ರುತಿ ಕಪ್ಪು ನಾಲ್ಕು. ಅದು ಅವಳ ಗಂಟಲಿಗೆ ಹೊಂದುವುದು, ನನ್ನದಕ್ಕಲ್ಲ. ಎರಡನೇ ಚರಣದಲ್ಲಿ ನಾನೂ ದನಿ ಸೇರಿಸಬೇಕಿತ್ತು. ತಾರ ಷಡ್ಜ, ಅಂದರೆ ಮೇಲಿನ ಸಾ, ಬಂದಾಗ ಬರೀ ಬಾಯಿ ತೆರೆದೆ. ಸ್ವರ ಪೂರ್ತಿ ಅವಳದೇ.

ಚಪ್ಪಾಳೆ ಬಿತ್ತು. "ಅಪ್ಪ ಮಗಳು ಅಂದ್ರ ಹಿಂಗಿರಬೇಕು ನೋಡ್ರಿ" ಅಂತ ಒಬ್ಬ ಅಜ್ಜಿ ಮೈಕಿನಲ್ಲೇ ಹೇಳಿಬಿಟ್ಟರು. ನಾನು ಮಗಳ ಕಡೆ ತಿರುಗಿ ನಕ್ಕೆ. ಅವಳೂ ನಕ್ಕಳು. ಆ ನಗು ನೋಡಿ ಹೊಟ್ಟೆಯೊಳಗೆ ಒಂಥರಾ ಆಯಿತು.

ಅದು ನನ್ನ ಖಣದ ಅಂಗಡಿಯ ನಗು, ದೋಸ್ತ. ಗಿರಾಕಿ ಬಂದು ಆನೆಹೆಜ್ಜೆ ಚಿತ್ತಾರದ್ದು ಬೇಡ, ತೇರಿನದು ತೋರಿಸಿ, ಅದೂ ಬೇಡ, ಬೇರೆ ಬಣ್ಣ ತೆಗೀರಿ ಅಂದು, ಕಪಾಟೆಲ್ಲ ನೆಲಕ್ಕೆ ಇಳಿಸಿದ ಮೇಲೂ ನಗುತ್ತೇನಲ್ಲ, ಅದೇ. ಹಲ್ಲು ಎಷ್ಟು ಕಾಣಬೇಕೋ ಅಷ್ಟೇ. ರಜೆಯಲ್ಲಿ ಅಂಗಡಿಯಲ್ಲಿ ಕೂತು ಲೆಕ್ಕ ಕಲಿಯುತ್ತಿದ್ದಾಳೆ ಅಂದುಕೊಂಡಿದ್ದೆ. ಕಲಿತದ್ದು ಇದು.

ಜಗಳ ಅಂತ ಏನೂ ಇಲ್ಲ. ಇದ್ದಿದ್ದರೆ ಮಾತಾದರೂ ಆಗುತ್ತಿತ್ತು. ಪಿಯುಸಿಗೆ ಹೋದ ಮೇಲೆ ನಮ್ಮಿಬ್ಬರ ಮಾತು ಇಷ್ಟೇ: ಊಟ ಆಯ್ತಾ, ಆಯ್ತು. ಚಾರ್ಜರ್ ಎಲ್ಲಿ, ಅಲ್ಲೇ. ಅಡುಗೆಮನೆಯಲ್ಲಿ ಅವ್ವನ ಜೊತೆ ಗಂಟೆಗಟ್ಟಲೆ ಹರಟುತ್ತಾಳೆ. ನಾನು ಒಳಗೆ ಹೋದರೆ ಇಬ್ಬರಿಗೂ ಏನೋ ಕೆಲಸ ನೆನಪಾಗುತ್ತದೆ. ಹಬ್ಬದ ಪ್ರಾಕ್ಟೀಸ್ ಶುರುವಾದಾಗ ಮಾತ್ರ ಅವಳು ನನ್ನನ್ನು ಬೈಯತೊಡಗಿದಳು. "ಪಪ್ಪಾ, ಗಾಂಧಾರ ತಪ್ತು. ಮತ್ತ ಹಿಡಿ." "ಪಪ್ಪಾ, ಲಯ ಓಡಿಸಬ್ಯಾಡ." ಎಷ್ಟು ಚೆಂದ ಬೈಯುತ್ತಾಳೆ ಗೊತ್ತಾ?

ಇದನ್ನು ಮನೆಯಲ್ಲೂ ಹೇಳಿಲ್ಲ. ಪಲ್ಲವಿ ಕೈಗೆ ಚೆನ್ನಾಗಿ ಕೂತ ಮೇಲೂ ನಾನು ಬೇಕಂತಲೇ ಕೋಮಲ ಗಾಂಧಾರ ಬಿಟ್ಟು ಶುದ್ಧ ಗಾಂಧಾರ ಒತ್ತುತ್ತಿದ್ದೆ. ಅವಳು ನನ್ನ ಬೆರಳು ಹಿಡಿದೆಳೆದು ಸರಿ ಸ್ವರದ ಮೇಲೆ ಇಡುತ್ತಿದ್ದಳು. ಮತ್ತೆ ಮೊದಲಿನಿಂದ. ರಾತ್ರಿ ಊಟ ತಡವಾಗುತ್ತಿತ್ತು, ಅಷ್ಟೇ. ಅಂಥ ಕಿವಿ ಇರುವ ಹುಡುಗಿಗೆ ಇದು ಗೊತ್ತಾಗಿರಲ್ವಾ? ಗೊತ್ತಾಗಿಯೂ ಸುಮ್ನೆ ಇದ್ದಳಾ? ಅಥವಾ ಅಪ್ಪನಿಗೆ ವಯಸ್ಸಾಯಿತು ಅಂದುಕೊಂಡಳಾ? ಮೊದಲನೆಯದಾಗಿದ್ದರೆ ಆ ವೇದಿಕೆಯ ನಗುವನ್ನು ಹೇಗೆ ತಿಳಿಯಬೇಕು ಅಂತ ನನಗೆ ಹೊಳೆಯುತ್ತಿಲ್ಲ. ಈಗ ಹಬ್ಬ ಮುಗಿದಿದೆ. ಪೇಟಿ ಕಪಾಟಿನ ಮೇಲೆ ಹೋಗಿದೆ. ಮನೆಯಲ್ಲಿ ಬೈಯುವವರಿಲ್ಲ.

ಇಷ್ಟೆಲ್ಲ ಬರೆಯುವ ಯೋಚನೆಯೇ ಇರಲಿಲ್ಲ, ದೋಸ್ತ. ಹಬ್ಬದೂಟದ ಮಟನ್‌ಗೆ ಖಾರ ಜಾಸ್ತಿ ಆಗಿತ್ತು ಅಂತ ಬರೆಯಲು ಕೂತವನು ನಾನು. ಕಣ್ಣಲ್ಲಿ ನೀರು ಬಂದದ್ದೂ ಅದಕ್ಕೇ. ಅಯ್ನೋರು ಇದನ್ನು ಓದುತ್ತಿದ್ದರೆ ಒಂದು ಅರ್ಜಿ: ಗುಡ್ ಫ್ರೈಡೇಗೆ ನಮ್ಮಿಬ್ಬರಿಗೂ ಒಂದು ಹಾಡು ಕೊಡಿ, ಕಷ್ಟದ್ದೇ ಕೊಡಿ, ಚರಣ ಜಾಸ್ತಿ ಇರಲಿ. ಮಗಳು ಓದಿದರೆ, ಬರೆದದ್ದು ನೀನು ಅಂತ ಹೇಳುತ್ತೇನೆ. ನಿನ್ನ ಬಗ್ಗೆ ಏನು ಹೇಳಿದರೂ ಅವಳು ನಂಬುತ್ತಾಳೆ.

ಇಂತಿ ನಿನ್ನ
ಪೇಟಿ ಮಾಸ್ತರ (ಹಾಗಂತ ಕರೆಯುವವನು ನಾನೊಬ್ಬನೇ)